ಪ್ಲೈವುಡ್ ಚೌಕಟ್ಟಿನ ರೇಸಿಂಗ್ ಕಾರು ಮತ್ತು ಅದರ ವೆಚ್ಚಪಟ್ಟಿ

ವರ್ಷಾಂತ್ಯದ ಲೆಕ್ಕಪತ್ರಗಳ ಗಡಿಬಿಡಿಯಲ್ಲಿದ್ದಾಗ ನಮ್ಮ ಕಕ್ಷಿದಾರರೊಬ್ಬರು ವಿಚಿತ್ರವಾದ ಪ್ರಶ್ನೆಯೊಂದನ್ನು ಮುಂದಿಟ್ಟರು. ಕೈಗಾರಿಕಾ ವಸಾಹತಿನಲ್ಲಿ ಅವರದು ಪೀಠೋಪಕರಣಗಳ ಸಣ್ಣ ಘಟಕ. ಎಂಜಿನಿಯರಿಂಗ್ ಓದುತ್ತಿರುವ ಮಗನಿಗೆ ಕಂಪ್ಯೂಟರಿನಲ್ಲಿ ಕಾರು ಪಂದ್ಯ ಆಡುವ ಹುಚ್ಚು. ಮೇಜಿಗೆ ಬಿಗಿದಿದ್ದ ಸ್ಟಿಯರಿಂಗ್ ಚಕ್ರ ಮೇಜಿನ ಅಂಚನ್ನೇ ಕಿತ್ತುಹಾಕಿತ್ತು. ಈಗ ಅವನಿಗೆ ಆಸನಸಹಿತವಾದ ಅಲ್ಯೂಮಿನಿಯಂ ಚೌಕಟ್ಟು ಬೇಕು. “ಕಾರ್ಖಾನೆಯ ಹೆಸರಿನಲ್ಲಿ ತರಿಸಿದರೆ ಜಿಎಸ್‌ಟಿ ಕ್ರೆಡಿಟ್ ಸಿಗುತ್ತದೆಯೇ ಸಾರ್?” ಎಂದರು.

ಸಿಗುವುದಿಲ್ಲ. 2017ರ ಕಾಯಿದೆಯ 17(5)ನೆಯ ಕಲಂ ಪ್ರಕಾರ ಸ್ವಂತ ಉಪಭೋಗದ ಸರಕಿಗೆ ಕ್ರೆಡಿಟ್ ಇಲ್ಲ. ಮರದ ಕೆಲಸದವರಿಗೆ ಅಲ್ಯೂಮಿನಿಯಂ ಏಕೆ ಎಂದು ತಮಾಷೆಗೆ ಕೇಳಿದೆ. ಅವರು ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ.

ಈ ಚಕ್ರದೊಳಗೆ ಮೋಟಾರಿದ್ದು, ರಸ್ತೆಯ ಸೆಳೆತವನ್ನು ಕೈಗೆ ತಲಪಿಸುತ್ತದೆ. ಗೇರು ಬಳಸುವ ಲಾಜಿಟೆಕ್ ಜಿ29ರ ತಿರುಚುಬಲ ಸುಮಾರು 2 ನ್ಯೂಟನ್ ಮೀಟರ್. ಮೋಟಾರಿಗೇ ನೇರವಾಗಿ ಜೋಡಿಸಿದ ಫನಾಟೆಕ್ ಸಿಎಸ್‌ಎಲ್ ಡಿಡಿಯದು 5. ದೊಡ್ಡ ವಿದ್ಯುತ್ ಪೂರೈಕೆ ಕೊಟ್ಟರೆ 8. ಆದರೂ ಚೌಕಟ್ಟಿನ ನಿಜವಾದ ಶತ್ರು ಚಕ್ರವಲ್ಲ, ಬ್ರೇಕು. ಲೋಡ್ ಸೆಲ್ ಇರುವ ಬ್ರೇಕು ಪೆಡಲಿನ ಚಲನೆಯನ್ನಲ್ಲ, ಪಾದದ ಒತ್ತಡವನ್ನು ಅಳೆಯುತ್ತದೆ. ಹಲಗೆ ಹಿಂದಕ್ಕೆ ಬಾಗಿದರೆ ಪ್ರತಿ ಸಲವೂ ಒಂದೇ ಹದದಲ್ಲಿ ಒತ್ತಲು ಪಾದಕ್ಕೆ ಆಧಾರವಿರುವುದಿಲ್ಲ.

ಮೊದಲ ಪ್ರಯತ್ನದಲ್ಲಿ ಆದದ್ದು ಇದೇ. ಉಳಿತಾಯಕ್ಕೆಂದು ಪೆಡಲಿನಡಿ 12 ಮಿ.ಮೀ. ಹಲಗೆ ಹಾಕಿದ್ದರು, ಬ್ರೇಕು ಒತ್ತಿದಾಗಲೆಲ್ಲ ಅದು ಬಿಲ್ಲಿನಂತೆ ಬಾಗುತ್ತಿತ್ತು. ಹಲಗೆಯ ಬಿಗಿತ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. 12ರ ಬದಲು 18 ಮಿ.ಮೀ. ಬಳಸಿದರೆ ಬಿಗಿತ ಮೂರು ಪಟ್ಟಿಗೂ ಹೆಚ್ಚು. ಎರಡು 18 ಮಿ.ಮೀ. ಹಲಗೆಗಳನ್ನು ಅಂಟು ಹಚ್ಚಿ ಒಂದಾಗಿಸಿದರೆ ಒಂದೇ ಹಲಗೆಯ ಎಂಟು ಪಟ್ಟು. ಅಂಟಿಲ್ಲದೆ ಬರಿದೆ ಒಂದರ ಮೇಲೊಂದು ಇಟ್ಟರೆ ಎರಡೇ ಪಟ್ಟು. ಅಂಟಿನ ಬೆಲೆ ಎಷ್ಟೆಂದು ಓದುಗರಿಗೇ ಗೊತ್ತು.

ಉದ್ದದ ತೊಲೆಗಳಿಗೆ ಯಂತ್ರವೊಂದು ಬಂದಿದ್ದ ಪೆಟ್ಟಿಗೆಯ ಪೈನ್ ಮರ ಒದಗಿತು. ಆಮದು ಪೆಟ್ಟಿಗೆಗಳ ಮೇಲೆ ಐಎಸ್‌ಪಿಎಂ 15 ನಿಯಮದ ಮುದ್ರೆ ಇರುತ್ತದೆ. ‘ಎಚ್‌ಟಿ’ ಎಂದಿದ್ದರೆ ಮರದ ತಿರುಳನ್ನು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 30 ನಿಮಿಷ ಕಾಯಿಸಿದ್ದಾರೆಂದು ಅರ್ಥ. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ವಿಷಾನಿಲದ ಉಪಚಾರ. ಅಂಥದ್ದು ಮನೆಯೊಳಗೆ ಬೇಡ. ಕಾಯಿಸಿದ ಮರವೆಲ್ಲ ಒಣಗಿದ ಮರವಲ್ಲ ಎಂಬುದನ್ನೂ ನೆನಪಿಡಬೇಕು. ತಿಂಗಳೊಳಗೆ ತೊಲೆಗಳು ಕುಗ್ಗಿ ಬೋಲ್ಟುಗಳು ಸಡಿಲಗೊಂಡವು. ಸ್ಕ್ರೂ ಬದಲು ಅಗಲವಾದ ವಾಷರುಳ್ಳ ಬೋಲ್ಟುಗಳನ್ನೇ ಹಾಕಿದ್ದರಿಂದ ಮತ್ತೆ ಬಿಗಿಯುವುದು ಐದು ನಿಮಿಷದ ಕೆಲಸವಾಯಿತು.

ನನ್ನನ್ನೂ ಕೂರಿಸಿದರು. ಮೊದಲ ತಿರುವಿನಲ್ಲೇ ಕಾರು ಹುಲ್ಲಿಗೆ ಇಳಿಯಿತು. ಚೌಕಟ್ಟು ಮಾತ್ರ ಅಲುಗಲಿಲ್ಲ.

ಇನ್ನು ನನ್ನ ಕ್ಷೇತ್ರಕ್ಕೆ ಬರೋಣ. ಪ್ಲೈವುಡ್ 3,400 ರೂ., ಬೋಲ್ಟು, ಅಂಟು ಮುಂತಾದುವು 780, ಗುಜರಿಯಿಂದ ತಂದ ಕಾರಿನ ಆಸನ 2,500, ಒಟ್ಟು 6,680 ಎಂದು ಕಕ್ಷಿದಾರರು ಹೆಮ್ಮೆಯಿಂದ ಬರೆದು ತೋರಿಸಿದರು. ಅಷ್ಟರಲ್ಲಿ ಮಗನ ಇಬ್ಬರು ಗೆಳೆಯರು ಇಂಥದ್ದೇ ಬೇಕೆಂದರು. ಜಿಎಸ್‌ಟಿ ಹೊರತು 9,500ಕ್ಕೆ ಮಾತು ಕೊಟ್ಟೂ ಆಗಿತ್ತು.

ನಾನು ಪಟ್ಟಿಯನ್ನು ಮುಂದುವರಿಸಿದೆ. ಬಡಗಿಯ ಎರಡೂವರೆ ದಿನದ ಕೂಲಿ 2,250. ಪೆಟ್ಟಿಗೆಯ ಮರ ಎರಡನೆಯ ಸಲ ಪುಕ್ಕಟೆ ಸಿಗದು, ಅದಕ್ಕೆ 600. ವಿದ್ಯುತ್ತು, ಬಾಡಿಗೆಯ ಪಾಲು 700. ಒಟ್ಟು 10,230, ಅಂದರೆ ಪ್ರತಿಯೊಂದಕ್ಕೂ 730 ರೂ. ನಷ್ಟ. ಅವರು ಒಪ್ಪಲಿಲ್ಲ. “ಮದುವೆಯ ಸೀಸನ್ ಮುಗಿದಿದೆ, ಬಡಗಿ ಸುಮ್ಮನೆ ಕೂತಿದ್ದರೂ ಸಂಬಳ ಕೊಡಲೇಬೇಕಲ್ಲ?” ಎಂದರು. ಎರಡು ಚೌಕಟ್ಟುಗಳ ಮಟ್ಟಿಗೆ ಅವರ ವಾದ ಸರಿ. ನಮ್ಮ ಪಠ್ಯಪುಸ್ತಕಗಳ ಸೀಮಾಂತ ವೆಚ್ಚವೂ ಅದನ್ನೇ ಹೇಳುತ್ತದೆ. ಇಪ್ಪತ್ತಕ್ಕೆ ಬೇಡಿಕೆ ಬಂದರೆ ಬಡಗಿ ಸುಮ್ಮನೆ ಕೂತಿರುವುದಿಲ್ಲ, ಆಗ ಆ ಕೂಲಿಯನ್ನು ಬೆಲೆಯಲ್ಲಿ ಸೇರಿಸದೆ ಗತಿಯಿಲ್ಲ. ಒಂದು ಸಂಜೆಯೆಲ್ಲ ಇದೇ ಚರ್ಚೆ ನಡೆಯಿತು.

ಪರಿಹಾರ ಸಿಕ್ಕಿದ್ದು ಗುಜರಿಯ ಆಸನದಲ್ಲಿ. ಪ್ರತಿ ಆಸನದ ತೂತುಗಳೂ ಬೇರೆ ಬೇರೆ ಅಳತೆಯವು. ಅವನ್ನು ಹೊಂದಿಸುವುದರಲ್ಲೇ ಅರ್ಧ ದಿನ ಹೋಗುತ್ತಿತ್ತು. ಆಸನವನ್ನು ಕೈಬಿಟ್ಟು, ತೊಲೆಗಳಲ್ಲಿ ಉದ್ದನೆಯ ಸೀಳು ಕೊರೆದು, ಗಿರಾಕಿ ತನಗೆ ಬೇಕಾದ ಆಸನವನ್ನು ತಾನೇ ಕೂರಿಸಿಕೊಳ್ಳುವಂತೆ ಮಾಡಿದರೆ ಪೂರ್ಣ ವೆಚ್ಚ 7,280ಕ್ಕೆ ಇಳಿಯುತ್ತದೆ. ಮಾತು ಕೊಟ್ಟಿದ್ದ ಎರಡನ್ನು ಹಳೆಯ ಬೆಲೆಗೇ ಒಪ್ಪಿಸಿದರು. ಮೂರನೆಯದರಿಂದ ಆಸನರಹಿತ ಚೌಕಟ್ಟಿಗೆ 8,500 ರೂ.

ಅಲ್ಯೂಮಿನಿಯಂ ಬೇಕೆಂದು ಹಟ ಹಿಡಿದಿದ್ದ ಹುಡುಗ ಈಗ ಭಾನುವಾರಗಳಂದು ಕಾರ್ಖಾನೆಗೇ ಬರುತ್ತಾನೆ. ನಾಲ್ಕು ಚೌಕಟ್ಟುಗಳನ್ನು ಮೂರೇ ಪ್ಲೈವುಡ್ ಹಾಳೆಗಳಲ್ಲಿ ಕತ್ತರಿಸಲು ಸಾಧ್ಯವೇ ಎಂದು ಕಾಗದದ ಮೇಲೆ ಗೆರೆ ಎಳೆಯುತ್ತಿದ್ದಾನೆ. ಒಂದು ಪಟ್ಟಿ ಮಾತ್ರ ಇನ್ನೂ ಎರಡು ಅಂಗುಲ ಹೊರಗೆ ಉಳಿಯುತ್ತಿದೆಯಂತೆ.