ನಡುರಾತ್ರಿ ಕಾಲು ಏನು ಕೇಳುತ್ತದೆ?

ಕೊಟ್ಟೂರು ಗುರುಬಸವೇಶ್ವರರ ತೇರು ಮಾಘ ಬಹುಳದಲ್ಲಿ, ಹೆಚ್ಚಾಗಿ ಫೆಬ್ರುವರಿ ತಿಂಗಳಲ್ಲಿ ಬರುತ್ತದೆ. ತೇರಿಗೆ ಎರಡು ಮೂರು ದಿನ ಮೊದಲೇ ದಾವಣಗೆರೆ, ಹರಪನಹಳ್ಳಿ, ಹಡಗಲಿ ಕಡೆಯ ರಸ್ತೆಗಳ ಅಂಚಿನಲ್ಲಿ ಪಾದಯಾತ್ರಿಗಳ ಸಾಲು ಶುರುವಾಗುತ್ತದೆ. ದಾರಿಯುದ್ದಕ್ಕೂ ಊಟ, ಮಜ್ಜಿಗೆ, ಬಾಳೆಹಣ್ಣು; ಅಲ್ಲಲ್ಲಿ ಕಾಲಿಗೆ ಎಣ್ಣೆ ತಿಕ್ಕಿ ಮುಲಾಮು ಹಚ್ಚುವ ಸೇವೆ. ರಾತ್ರಿ ಶಾಲೆಯ ಜಗಲಿಯಲ್ಲೋ ಗುಡಿಯ ಅಂಗಳದಲ್ಲೋ ಮಲಗಿದವರ ನಡುವೆ ಯಾರೋ ಒಬ್ಬರು ‘ಅಯ್ಯೋ, ನರ ಹಿಡ್ಕಂತು’ ಎಂದು ಚೀರಿ ಎದ್ದು ಕೂರುವುದು ಅಲ್ಲಿ ಯಾರಿಗೂ ಹೊಸದಲ್ಲ.

ಪಾದಯಾತ್ರಿಯ ಕಾಲು ಮೂರು ನಾಲ್ಕು ದಿನದಲ್ಲಿ ಸುಧಾರಿಸಿಕೊಳ್ಳುತ್ತದೆ. ಆದರೆ ಎಲ್ಲಿಗೂ ನಡೆಯದೆ, ಮನೆಯಲ್ಲೇ ಮಲಗಿ, ವರ್ಷಗಟ್ಟಲೆ ಕಾಲುನೋವಿನಿಂದ ನಿದ್ದೆಗೆಟ್ಟವರು ಈ ಸೀಮೆಯ ಪ್ರತಿ ಓಣಿಯಲ್ಲೂ ಸಿಗುತ್ತಾರೆ. ‘ಕಾಲು ಸೆಳೀತಾವ’, ‘ಎಳೀತಾವ’, ‘ಉರೀತಾವ’, ‘ಜೋಮು ಹಿಡೀತಾವ’ ಎಂದು ಮನೆಯಲ್ಲಿ ಬಗೆಬಗೆಯಾಗಿ ಹೇಳುವವರು ಡಾಕ್ಟರ ಮುಂದೆ ಕೂತಾಗ ಮಾತ್ರ ಎಲ್ಲವನ್ನೂ ‘ಕಾಲುನೋವು’ ಎಂಬ ಒಂದೇ ಮಾತಿಗೆ ಇಳಿಸಿಬಿಡುತ್ತಾರೆ. ಅದಕ್ಕೆ ಸಿಗುವುದೂ ಒಂದೇ ಉತ್ತರ: ಒಂದು ಸೂಜಿ, ನಾಲ್ಕು ನೋವಿನ ಗುಳಿಗೆ.

ರಾತ್ರಿ ಕಾಡುವ ಕಾಲು ಒಂದೇ ರೋಗದ್ದಲ್ಲ. ಯಾವ ರೋಗ ಎಂಬುದರ ಸುಳಿವನ್ನು ಎಷ್ಟೋ ಸಲ ಕಾಲೇ ಕೊಡುತ್ತದೆ. ಎಚ್ಚರವಾದಾಗ ಅದು ಏನು ಕೇಳಿತು, ಏನು ಮಾಡಿದರೆ ಸುಮ್ಮನಾಯಿತು ಎಂದು ಗಮನಿಸಿದರಾಯಿತು.

ಕೆಲವು ಕಾಲು ಎಳೆಸಿಕೊಳ್ಳಲು ಕೇಳುತ್ತವೆ. ಮೀನಖಂಡ ಕಲ್ಲಿನಂತೆ ಗಟ್ಟಿಯಾಗಿ, ಬೆರಳು ಸೊಟ್ಟಗಾಗಿ, ಕೆಲವು ನಿಮಿಷ ಪ್ರಾಣ ಹಿಂಡಿ ಬಿಡುವ ನೋವಿದು. ಜನ ‘ನರ’ ಎಂದರೂ ಗಂಟಾಗುವುದು ಸ್ನಾಯು. ಆದರೆ ಜನರ ಮಾತು ಪೂರ್ತಿ ಸುಳ್ಳೂ ಅಲ್ಲ, ಸ್ನಾಯುವನ್ನು ಕೆರಳಿಸುವುದು ಅದರ ನರವೇ. ಮಲಗಿದಾಗ ಪಾದ ಕೆಳಕ್ಕೆ ಬಾಗಿ ಮೀನಖಂಡ ಕುಗ್ಗಿರುತ್ತದೆ. ಆ ಸ್ಥಿತಿಯಲ್ಲಿ ಸಣ್ಣ ಪ್ರಚೋದನೆ ಸಾಕು. ವಯಸ್ಸಾದವರು, ಬಸುರಿಯರು, ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು, ಡಯಾಲಿಸಿಸ್‌ನಲ್ಲಿರುವವರು ಇದಕ್ಕೆ ಹೆಚ್ಚು ಸಿಕ್ಕಿಬೀಳುತ್ತಾರೆ. ದಿನವಿಡೀ ಕುಕ್ಕುರುಗಾಲಲ್ಲಿ ಕೂತು ಶೇಂಗಾ, ಈರುಳ್ಳಿ ಹೊಲದ ಕಳೆ ಕೀಳುವ ಹೆಣ್ಣುಮಕ್ಕಳಿಗೂ ಇದು ಗೊತ್ತು.

ನರ ಹಿಡಿದಾಗ ಮಂಡಿ ನೆಟ್ಟಗೆ ಮಾಡಿ ಕಾಲ್ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದುಕೊಳ್ಳಬೇಕು, ಇಲ್ಲವೇ ಎದ್ದು ಹಿಮ್ಮಡಿ ನೆಲಕ್ಕೆ ಒತ್ತಿ ನಿಲ್ಲಬೇಕು. ನೆದರ್ಲೆಂಡ್ಸ್‌ನಲ್ಲಿ 55 ದಾಟಿದ 80 ಮಂದಿಯ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಆರು ವಾರ ಮಲಗುವ ಮುನ್ನ ಮೀನಖಂಡವನ್ನೂ ತೊಡೆಯ ಹಿಂಭಾಗವನ್ನೂ ಎಳೆದು ಸಡಿಲಿಸಿಕೊಂಡವರಿಗೆ ಸೆಳೆತ ಕಡಿಮೆಯಾಯಿತು. ಗೋಡೆಗೆ ಕೈ ಕೊಟ್ಟು, ಹಿಮ್ಮಡಿ ಎತ್ತದೆ ಮುಂದಕ್ಕೆ ಬಾಗಿದರೆ ಮೀನಖಂಡ ಎಳೆಯುತ್ತದೆ, ಖರ್ಚಿಲ್ಲ. ಮೆಗ್ನೀಷಿಯಂ ಮಾತ್ರೆಗೆ ಇಂಥ ಭಾಗ್ಯವಿಲ್ಲ. ವಯಸ್ಸಾದವರ ಸೆಳೆತಕ್ಕೆ ಅದರಿಂದ ಹೇಳಿಕೊಳ್ಳುವಂಥ ಲಾಭ ಸಿಗುವುದು ಅನುಮಾನ ಎಂದು, ನಡೆದ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2020ರ ಕೊಕ್ರೇನ್ ವಿಮರ್ಶೆ ಹೇಳಿತು. ಮಲೇರಿಯಾದ ಕ್ವಿನೈನ್ ಗುಳಿಗೆಯನ್ನು ಒಂದು ಕಾಲಕ್ಕೆ ಇದಕ್ಕೂ ಕೊಡುತ್ತಿದ್ದರು. ಅದು ರಕ್ತಕ್ಕೆ ತರುವ ಅಪಾಯ ಕಂಡು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮತ್ತೆ ಮತ್ತೆ ಎಚ್ಚರಿಸಿದೆ.

ಇನ್ನು ಕೆಲವು ಕಾಲು ನಡೆಯಲು ಕೇಳುತ್ತವೆ. ಗಂಟಿಲ್ಲ, ಊತವಿಲ್ಲ. ಮೂಳೆಯೊಳಗೆ ಇರುವೆ ಹರಿದಂತೆ, ಒಳಗಿನಿಂದ ಯಾರೋ ಎಳೆದಂತೆ ಚಡಪಡಿಕೆ. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಮಾಯ. ಮಲಗಿದರೆ ಮತ್ತೆ ಹಾಜರು. ಮೊಮ್ಮಗನನ್ನು ಕರೆದು ‘ಸ್ವಲ್ಪ ಕಾಲು ತುಳಿಯಪ್ಪ’ ಎನ್ನುವ ಅಜ್ಜಿಯರಲ್ಲಿ ಎಷ್ಟು ಮಂದಿಗೆ ಇದೇ ಇರಬಹುದೋ! ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1672ರಲ್ಲೇ ಇದನ್ನು ಬರೆದಿಟ್ಟಿದ್ದ. 1945ರಲ್ಲಿ ಸ್ವೀಡನ್ನಿನ ಕಾರ್ಲ್ ಎಕ್‌ಬೊಮ್ ‘ರೆಸ್ಟ್‌ಲೆಸ್ ಲೆಗ್ಸ್’ ಎಂದು ಹೆಸರಿಟ್ಟ.

ಇದರ ಬೇರು ಬಹಳ ಸಲ ಕಾಲಿನಲ್ಲಿ ಇರುವುದಿಲ್ಲ. ಮಿದುಳಿಗೆ ಸಾಲುವಷ್ಟು ಕಬ್ಬಿಣಾಂಶ ಸಿಗದಿದ್ದರೆ ಚಲನೆಯನ್ನು ಹದದಲ್ಲಿಡುವ ಡೋಪಮೀನ್ ವ್ಯವಸ್ಥೆ ಏರುಪೇರಾಗುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಹೀಗಿರುವಾಗ ಹೆಂಗಸರ ಕಾಲಿನ ಚಡಪಡಿಕೆಯನ್ನು ‘ಕೆಲಸ ಹೆಚ್ಚಾಯ್ತು’ ಎಂದು ತಳ್ಳಿಹಾಕುವುದು ಅನ್ಯಾಯ. ಹಿಮೋಗ್ಲೋಬಿನ್ ಸರಿಯಿದ್ದರೂ ದೇಹದ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು. ಅದನ್ನು ತೋರಿಸುವುದು ಫೆರಿಟಿನ್ ಪರೀಕ್ಷೆ. ಈ ಕಾಯಿಲೆಯಲ್ಲಿ ಅದು ಲೀಟರಿಗೆ 75 ಮೈಕ್ರೋಗ್ರಾಂ ದಾಟದಿದ್ದರೆ ಕಬ್ಬಿಣದ ಚಿಕಿತ್ಸೆಯನ್ನು ವೈದ್ಯರು ಯೋಚಿಸುತ್ತಾರೆ. ಹಿಂದೆ ಮೊದಲ ಮದ್ದಾಗಿದ್ದ ಡೋಪಮೀನ್ ಬಗೆಯ ಮಾತ್ರೆಗಳು ವರ್ಷಗಳಾದ ಮೇಲೆ ಕಾಯಿಲೆಯನ್ನೇ ಉಲ್ಬಣಿಸಬಹುದೆಂದು 2025ರ ಅಮೆರಿಕದ ನಿದ್ರಾ ವೈದ್ಯರ ಮಾರ್ಗಸೂಚಿ ಅವನ್ನು ಹಿಂದಕ್ಕೆ ಸರಿಸಿದೆ. ನೆಗಡಿ, ತುರಿಕೆಗೆಂದು ನುಂಗುವ ನಿದ್ದೆ ಬರಿಸುವ ಕೆಲವು ಗುಳಿಗೆಗಳೂ ಈ ಚಡಪಡಿಕೆಯನ್ನು ಹೆಚ್ಚಿಸುತ್ತವೆ. ಮಂಡಕ್ಕಿ ಮಿರ್ಚಿಯ ಜೊತೆ ಚಹಾ ಕುಡಿಯುವುದು ಈ ಸೀಮೆಯಲ್ಲಿ ಯಾರೂ ಬಿಡಲಾರದ ಸುಖ. ಆದರೆ ಊಟದ ಜೊತೆ ಅಥವಾ ಕಬ್ಬಿಣದ ಮಾತ್ರೆಯ ಬೆನ್ನಿಗೇ ಕುಡಿದ ಚಹಾ ಆ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ನಿಂಬೆರಸ ಹತ್ತಿಸುತ್ತದೆ.

ಅಂಗಾಲಿನ ಉರಿಗೆ ಬೇಕಾದ್ದು ತಂಪು. ಕಂಬಳಿ ತೆಗೆದೊಗೆದು ತಣ್ಣನೆಯ ಗಚ್ಚಿನ ಮೇಲೆ ಪಾದ ಇಟ್ಟುಕೊಂಡು ಮಲಗುವವರು ಇವರು. ಮುಂದೆ ದೇಶದ ಪೋಷಣಾ ವಿಜ್ಞಾನದ ಹಿರಿಯರೆನಿಸಿದ ಸಿ. ಗೋಪಾಲನ್ 1946ರಲ್ಲಿ ‘ಉರಿಪಾದ’ದ ಬಗ್ಗೆಯೇ ಲೇಖನ ಬರೆದು, ಬಿ ಗುಂಪಿನ ಜೀವಸತ್ವದ ಕೊರತೆಯತ್ತ ಬೆರಳು ಮಾಡಿದ್ದರು. ಈಗ ಮೊದಲ ಅನುಮಾನ ಹೋಗಬೇಕಾದದ್ದು ಸಕ್ಕರೆ ಕಾಯಿಲೆಯ ಕಡೆಗೆ, ಆಮೇಲೆ ಬಿ12 ಕೊರತೆಯ ಕಡೆಗೆ. ಬರೀ ಸಸ್ಯಾಹಾರಿಗಳು, ಸಕ್ಕರೆ ಕಾಯಿಲೆಗೆಂದು ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುವವರು, ಕುಡಿತ ಹೆಚ್ಚಿರುವವರು ಪರೀಕ್ಷೆ ಮಾಡಿಸಿಕೊಳ್ಳಲೇಬೇಕು. ಸಕ್ಕರೆ ಕಾಯಿಲೆಯ ಉರಿಗಾಲು ಒಂದು ಕಡೆ ಉರಿಯುತ್ತಲೇ ಇನ್ನೊಂದು ಕಡೆ ಸ್ಪರ್ಶ ಕಳೆದುಕೊಳ್ಳುತ್ತಿರುತ್ತದೆ. ಬಿಸಿನೀರಲ್ಲಿ ಅದ್ದಿದರೆ ಬೊಬ್ಬೆ ಎದ್ದದ್ದೂ ತಿಳಿಯದು. ಹರಕೆ ಹೊತ್ತು ಬರಿಗಾಲಲ್ಲಿ ಡಾಂಬರಿನ ಮೇಲೆ ಹೊರಡುವ ಸಕ್ಕರೆ ಕಾಯಿಲೆಯವರಿಗೆ ಮನೆಯವರು ಚಪ್ಪಲಿ ಹಾಕಿಸಿದರೆ ದೇವರು ಕೋಪಿಸಿಕೊಳ್ಳಲಾರ.

ನಿಂತೇ ದುಡಿಯುವ ಹೋಟೆಲ್ ಭಟ್ಟರಂಥವರ ಉಬ್ಬಿದ ರಕ್ತನಾಳದ ಕಾಲು ದಿಂಬಿನ ಮೇಲೆ ಏರಿಸಿದರೆ ತಣ್ಣಗಾಗುತ್ತದೆ. ಇದಕ್ಕೆ ಪೂರ್ತಿ ತಿರುಗಾಮುರುಗಾ ಇನ್ನೊಂದಿದೆ: ಮಂಚದಿಂದ ಕೆಳಗೆ ಇಳಿಬಿಟ್ಟರೆ ಮಾತ್ರ ನೋವು ತಗ್ಗುವ ಕಾಲು. ಬೀಡಿ ಸೇದುವವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಇದು ಕಂಡರೆ ಪಾದಕ್ಕೆ ರಕ್ತ ಇಳಿಯುತ್ತಿಲ್ಲ ಎಂದೇ ಶಂಕಿಸಬೇಕು, ತಡಮಾಡಬಾರದು. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ಬಿಸಿಯಾದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಸಂಜೆ ಕಾಲುನೋವೆಂದು ಅತ್ತು ಬೆಳಿಗ್ಗೆ ಕುಣಿಯುವ ಮಕ್ಕಳ ಬಗ್ಗೆ ಅಷ್ಟು ಗಾಬರಿ ಬೇಡ. ಮಗು ಕುಂಟಿದರೆ, ಜ್ವರವಿದ್ದರೆ, ಸದಾ ಒಂದೇ ಕಾಲು ನೋಯುತ್ತಿದ್ದರೆ ತೋರಿಸಬೇಕು.

ಈ ಸೀಮೆಗೆ ಅಂಟಿದ ಇನ್ನೊಂದು ಕಾರಣ ನೆಲದೊಳಗಿದೆ. 1937ರಲ್ಲಿ ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಬಾವಿ ನೀರಿನ ಫ್ಲೋರೈಡ್‌ನಿಂದ ಜನರ ಬೆನ್ನು, ಕೀಲುಗಳು ಸೆಟೆದುಕೊಂಡದ್ದನ್ನು ವೈದ್ಯರು ದಾಖಲಿಸಿದರು. ಬಳ್ಳಾರಿ ಜಿಲ್ಲೆಯ ಭಾಗವಾಗಿದ್ದ ಹರಪನಹಳ್ಳಿ, ಕೂಡ್ಲಿಗಿ, ಹಡಗಲಿಗಳೂ 1953ರವರೆಗೆ ಅದೇ ಪ್ರಾಂತದಲ್ಲಿದ್ದವು. ಕೂಡ್ಲಿಗಿ ಕಡೆಯ ಕೊಳವೆಬಾವಿಗಳಿಗೂ ಫ್ಲೋರೈಡ್ ಕಾಟ ಇದೆ. ಅದಕ್ಕೆಂದೇ ತುಂಗಭದ್ರಾ ಹಿನ್ನೀರನ್ನು ಕೂಡ್ಲಿಗಿ, ಮೊಳಕಾಲ್ಮೂರು, ಚಳ್ಳಕೆರೆ, ಪಾವಗಡಗಳತ್ತ ಕೊಳವೆಯಲ್ಲಿ ಹರಿಸುವ ಯೋಜನೆ ಬಂದದ್ದು. ಬೇರೆ ನೀರೇ ಇಲ್ಲದಿದ್ದರೂ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಇರುವ ನೀರು ಕುಡಿಯಲು ತಕ್ಕದ್ದಲ್ಲ. ಹಗಲೂ ರಾತ್ರಿಯೂ ಮಂಡಿ, ಸೊಂಟ ನೋಯುತ್ತಾ ಬೆಳಿಗ್ಗೆ ಮೈ ಮರಗಟ್ಟುವವರು ತಮ್ಮ ನೀರನ್ನೂ ಪರೀಕ್ಷೆಗೆ ಕೊಡಬೇಕು. ಕಾಯಿಸಿ ಆರಿಸಿದರೆ ನೀರಿನ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಊರಿನ ಶುದ್ಧ ನೀರಿನ ಘಟಕಕ್ಕೆ ನಾಣ್ಯ ಹಾಕಿ ಕೊಡ ತುಂಬಿಸಿ ತಂದವರೂ ಸಾರಿಗೆ, ಚಹಾಕ್ಕೆ ಬೋರಿನ ನೀರನ್ನೇ ಬಳಸಿದರೆ ಅದರಲ್ಲಿನ ಫ್ಲೋರೈಡ್ ಹೊಟ್ಟೆ ಸೇರುವುದು ತಪ್ಪುವುದಿಲ್ಲ.