ಕಾಮಿಕ್ಸ್ ಮತ್ತು ಅನಿಮೇಷನ್ ಕಲಾವಿದರ ಆದಾಯ

ಕಾಮಿಕ್ಸ್ ಮತ್ತು ಅನಿಮೇಷನ್ ಕಲಾವಿದರ ಆದಾಯವು ಮುಖ್ಯವಾಗಿ ಮೂರು ರೂಪಗಳಲ್ಲಿ ಬರುತ್ತದೆ: ಮಾಸಿಕ ಸಂಬಳ, ಪುಟ ಅಥವಾ ಕೆಲಸದ ಲೆಕ್ಕದ ಸಂಭಾವನೆ ಮತ್ತು ರಾಯಲ್ಟಿ. ದೀರ್ಘಕಾಲದ ಗಳಿಕೆಯು ಕಲಾವಿದನ ಕೌಶಲದಷ್ಟೇ ಕೃತಿಯ ಹಕ್ಕು ಯಾರಲ್ಲಿ ಉಳಿಯುತ್ತದೆ ಎಂಬುದನ್ನೂ ಅವಲಂಬಿಸಿದೆ.

ಹಿನ್ನೆಲೆ

1938ರಲ್ಲಿ ಅಮೆರಿಕದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಸೂಪರ್‌ಮ್ಯಾನ್ ಪಾತ್ರದ ಹಕ್ಕನ್ನು 130 ಡಾಲರಿಗೆ ಪ್ರಕಾಶಕರಿಗೆ ಬಿಟ್ಟುಕೊಟ್ಟರು. ಮುಂದೆ ಆ ಪಾತ್ರದಿಂದ ಬಂದ ಅಪಾರ ಲಾಭದಲ್ಲಿ ಪಾಲು ಪಡೆಯಲು ಅವರು ದೀರ್ಘಕಾಲ ಹೋರಾಡಬೇಕಾಯಿತು. ಭಾರತದಲ್ಲಿ ಕಾರ್ಕಳ ಮೂಲದ ಅನಂತ ಪೈ 1967ರಲ್ಲಿ ಅಮರ ಚಿತ್ರಕಥೆ ಮಾಲಿಕೆಯನ್ನು ಆರಂಭಿಸಿದರು. ಇಂಡಿಯಾ ಬುಕ್ ಹೌಸ್ ಪ್ರಕಟಿಸುತ್ತಿದ್ದ ಈ ಮಾಲಿಕೆ 2007ರಲ್ಲಿ ಎಸಿಕೆ ಮೀಡಿಯಾ ಸಂಸ್ಥೆಗೆ ಸೇರಿತು. ಹಳೆಯ ಚಿತ್ರಗಳ ಹಕ್ಕೂ ಮಾರಾಟವಾಗಬಲ್ಲ ಆಸ್ತಿ ಎಂಬುದಕ್ಕೆ ಇದು ನಿದರ್ಶನ.

ಸಂಬಳ ಮತ್ತು ಸಂಭಾವನೆ

ಕಾಮಿಕ್ಸ್ ಕಲಾವಿದರಿಗೆ ಸಾಮಾನ್ಯವಾಗಿ ಪುಟದ ಲೆಕ್ಕದಲ್ಲಿ ಹಣ ಸಂದಾಯವಾಗುತ್ತದೆ. ಅನಿಮೇಷನ್ ಹೆಚ್ಚು ಶ್ರಮ ಬೇಡುವ ಕೆಲಸ. ಸೆಕೆಂಡಿಗೆ 24 ಚೌಕಟ್ಟುಗಳಂತೆ ಒಂದು ನಿಮಿಷಕ್ಕೆ 1,440 ಚೌಕಟ್ಟುಗಳು ಬೇಕು. ಒಂದೊಂದು ಚಿತ್ರವನ್ನು ಎರಡು ಚೌಕಟ್ಟುಗಳಿಗೆ ಬಳಸಿದರೂ 720 ಚಿತ್ರಗಳಾಗುತ್ತವೆ. ಆದ್ದರಿಂದ ಈ ಕೆಲಸ ಬಹುಮಟ್ಟಿಗೆ ಸ್ಟುಡಿಯೋಗಳಲ್ಲಿ ಸಂಬಳದ ಆಧಾರದ ಮೇಲೆ ನಡೆಯುತ್ತದೆ. ಸಂಬಳದ ಕೆಲಸವೂ ಅನಿಶ್ಚಿತತೆಯಿಂದ ಮುಕ್ತವಲ್ಲ. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಸಮೂಹ ಕುಸಿದಾಗ ಅದರ ಭಾರತೀಯ ಶಾಖೆಯೂ ಮುಚ್ಚಿತು. ಇದರಿಂದ ಬೆಂಗಳೂರು ಮತ್ತು ಮುಂಬಯಿಗಳ ಸಾವಿರಾರು ನೌಕರರು ಕೆಲಸ ಕಳೆದುಕೊಂಡರು.

ಕೃತಿಸ್ವಾಮ್ಯ

1957ರ ಭಾರತೀಯ ಕೃತಿಸ್ವಾಮ್ಯ ಕಾಯ್ದೆಯ 17ನೇ ಪ್ರಕರಣದಂತೆ ಕೃತಿಯ ಮೊದಲ ಮಾಲೀಕ ಅದರ ಕರ್ತೃ. ಆದರೆ ನೌಕರಿಯ ಭಾಗವಾಗಿ ರಚಿಸಿದ ಕೃತಿ, ಬೇರೆ ಒಪ್ಪಂದವಿಲ್ಲದಿದ್ದರೆ, ಸಾಮಾನ್ಯವಾಗಿ ಉದ್ಯೋಗದಾತನದಾಗುತ್ತದೆ. ಹಣ ಕೊಟ್ಟು ಮಾಡಿಸಿದ ಚಲನಚಿತ್ರದ ಹಕ್ಕು ಮಾಡಿಸಿದವರಿಗೆ ಸೇರುತ್ತದೆ. 19ನೇ ಪ್ರಕರಣದಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಒಪ್ಪಂದದಲ್ಲಿ ಅವಧಿ ನಮೂದಿಸದಿದ್ದರೆ ಅದನ್ನು ಐದು ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಪರಿಗಣಿಸಲಾಗುತ್ತದೆ.

ಅಂತರಜಾಲದ ಗಳಿಕೆ

ಯೂಟ್ಯೂಬ್ ದೀರ್ಘ ವಿಡಿಯೋಗಳ ಜಾಹೀರಾತು ಆದಾಯದಲ್ಲಿ ಶೇ. 55ರಷ್ಟನ್ನು ಚಾನೆಲ್‌ನ ಒಡೆಯರಿಗೆ ನೀಡುತ್ತದೆ. ಈ ಪಾಲು ಪಡೆಯಲು 1,000 ಚಂದಾದಾರರ ಜೊತೆಗೆ, ಹಿಂದಿನ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಅಥವಾ ಹಿಂದಿನ 90 ದಿನಗಳಲ್ಲಿ ಒಂದು ಕೋಟಿ ಶಾರ್ಟ್ಸ್ ವೀಕ್ಷಣೆಗಳಿರಬೇಕು. ಒಂದು ನಿಮಿಷದ ಚಿತ್ರಕ್ಕೆ ಹಲವು ದಿನ ದುಡಿಯುವ ಅನಿಮೇಷನ್ ಕಲಾವಿದನಿಗೆ ವೀಕ್ಷಣೆಯ ಗಂಟೆಗಳನ್ನು ಕೂಡಿಸುವುದು ಸುಲಭವಲ್ಲ.

ಕಾರವಾರ ಮತ್ತು ಅಂಕೋಲಾ

ಕರ್ನಾಟಕವು 2012ರಲ್ಲಿ ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕಾಗಿ ಪ್ರತ್ಯೇಕ ನೀತಿ ರೂಪಿಸಿತು. 2024–29ರ ನೀತಿಯು ಅದರ ಮುಂದುವರಿಕೆಯಾಗಿದೆ. ಆದರೂ ಉದ್ಯಮವು ಮುಖ್ಯವಾಗಿ ಬೆಂಗಳೂರಿನಲ್ಲಿದೆ. ಉತ್ತರ ಕನ್ನಡ ಜಿಲ್ಲೆಯ ಕಾರವಾರ ಮತ್ತು ಅಂಕೋಲಾ ಅಲ್ಲಿಂದ ಸುಮಾರು 500 ಕಿ.ಮೀ. ದೂರದಲ್ಲಿವೆ. ಅಲ್ಲಿನ ಕಲಾವಿದರು ರಾಜಧಾನಿಗೆ ಹೋಗಿ ದುಡಿದರೆ ಸಂಬಳದ ಒಂದು ಭಾಗ ಬಾಡಿಗೆ ಮತ್ತು ಊಟದ ಖರ್ಚಿಗೆ ಹೋಗುತ್ತದೆ. ಊರಿನಲ್ಲೇ ಇದ್ದು ಸ್ವತಂತ್ರವಾಗಿ ಕೆಲಸ ಮಾಡಿದರೆ ಈ ಖರ್ಚು ಉಳಿಯುತ್ತದೆ. ಆದರೆ ಭವಿಷ್ಯನಿಧಿ, ಸಂಬಳಸಹಿತ ರಜೆಯಂತಹ ಸೌಲಭ್ಯಗಳು ಇರುವುದಿಲ್ಲ. ಅಂಥವರಿಗೆ ದರ, ಪಾವತಿಯ ದಿನಾಂಕ, ತಿದ್ದುಪಡಿಗಳ ಮಿತಿ ಮತ್ತು ಹಕ್ಕಿನ ಅವಧಿಯನ್ನು ಸ್ಪಷ್ಟವಾಗಿ ಬರೆದ ಒಪ್ಪಂದವೇ ಮುಖ್ಯ ರಕ್ಷಣೆ.