ಆರೈಕೆಯ ಹಣ ಆದಾಯವಾಗುವುದು ಯಾವಾಗ?

ನನ್ನ ಪರಿಚಯದ ನಿವೃತ್ತ ಅಧ್ಯಾಪಕಿಯೊಬ್ಬರು ಮಲ್ಲೇಶ್ವರದ ತಮ್ಮ ಮನೆಯಲ್ಲಿ, ನೆನಪು ಅಳಿಸಿಹೋದ ವೃದ್ಧ ತಾಯಿಯನ್ನು ನೋಡಿಕೊಳ್ಳುತ್ತಿದ್ದಾರೆ. ತೀರಿಕೊಂಡ ಅಕ್ಕನ ಮಗ ಅಮೆರಿಕದಿಂದ ತಿಂಗಳಿಗೆ 40 ಸಾವಿರ ರೂಪಾಯಿ ಕಳುಹಿಸುತ್ತಾನೆ. ಇದನ್ನು ರಿಟರ್ನ್‌ನಲ್ಲಿ ತೋರಿಸಬೇಕೇ ಎಂದು ಅವರು ಕೇಳಿದಾಗ, ಸಂಬಂಧಿಕರು ಕೊಟ್ಟ ಹಣಕ್ಕೆ ತೆರಿಗೆ ಎಲ್ಲಿಯದು ಎಂದು ಸಲೀಸಾಗಿ ಹೇಳಿಬಿಟ್ಟೆ. ಕಾಯ್ದೆಯನ್ನು ತೆರೆದು ನೋಡಿದ ಮೇಲೆ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು.

ದಾನ ತೆರಿಗೆ 1998ರಲ್ಲಿ ರದ್ದಾಯಿತು. 2004ರಲ್ಲಿ ಅದೇ ವಿಚಾರ ಆದಾಯ ತೆರಿಗೆಯ ಹಿತ್ತಿಲ ಬಾಗಿಲಿನಿಂದ ಮರಳಿ ಬಂದಿತು. ಪ್ರತಿಫಲವಿಲ್ಲದೆ ಬಂದ ಹಣ ವರ್ಷಕ್ಕೆ 50 ಸಾವಿರ ರೂಪಾಯಿ ದಾಟಿದರೆ, ದಾಟಿದ ಭಾಗವಷ್ಟೇ ಅಲ್ಲ, ಇಡೀ ಮೊತ್ತವೇ ಈಗ ಪಡೆದವರ ಆದಾಯ. ‘ಸಂಬಂಧಿ’ ಕೊಟ್ಟರೆ ವಿನಾಯಿತಿಯುಂಟು. ಆದರೆ ಆ ಪಟ್ಟಿಯಲ್ಲಿ ಇರುವವರು ಪತಿ ಅಥವಾ ಪತ್ನಿ, ಇಬ್ಬರ ಒಡಹುಟ್ಟಿದವರು, ತಂದೆತಾಯಿಯರ ಒಡಹುಟ್ಟಿದವರು, ನೇರ ಪೀಳಿಗೆಯ ಹಿರಿಯರು ಮತ್ತು ಕಿರಿಯರು, ಹಾಗೂ ಇವರ ಸಂಗಾತಿಗಳು. ಚಿಕ್ಕಮ್ಮ ಅಕ್ಕನ ಮಗನಿಗೆ ಕೋಟಿ ರೂಪಾಯಿ ಕೊಟ್ಟರೂ ತೆರಿಗೆಯಿಲ್ಲ. ಅವನು ಚಿಕ್ಕಮ್ಮನಿಗೆ ಕೊಟ್ಟರೆ ಉಂಟು! ಅವನಿಗೆ ಆಕೆ ಸಂಬಂಧಿ, ಆಕೆಗೆ ಅವನು ಪರಕೀಯ. 2025ರ ಹೊಸ ಕಾಯ್ದೆಯೂ ಈ ಚೌಕಟ್ಟನ್ನು ಕದಲಿಸಿಲ್ಲ.

ಸಂಬಂಧವಿದ್ದರೂ ಸಾಲದು. ‘ಅಮ್ಮನನ್ನು ನೋಡಿಕೋ, ತಿಂಗಳಿಗೆ ಇಷ್ಟು ಸಂಬಳ’ ಎಂದು ಅಣ್ಣ ತಂಗಿಯೊಡನೆ ಕರಾರು ಮಾಡಿಕೊಂಡರೆ ಅದು ಉಡುಗೊರೆಯಲ್ಲ, ಗಳಿಕೆ. ಮನೆಗೆಲಸದಾಕೆಯನ್ನು ಮನೆಯೊಡೆಯ ಮದುವೆಯಾದರೆ ರಾಷ್ಟ್ರೀಯ ಆದಾಯ ತಗ್ಗುತ್ತದೆಂಬ ಅರ್ಥಶಾಸ್ತ್ರಜ್ಞ ಪಿಗೂ ಅವರ ಚಮತ್ಕಾರವನ್ನು ಎಂ.ಎ. ತರಗತಿಯಲ್ಲಿ ಕೇಳಿ ನಕ್ಕಿದ್ದೆವು. ಮಗಳು ರಾತ್ರಿಯಿಡೀ ಎಚ್ಚರವಿದ್ದು ಮಾಡುವ ಶುಶ್ರೂಷೆ ಇಂದಿಗೂ ರಾಷ್ಟ್ರದ ಲೆಕ್ಕಕ್ಕೆ ಬಾರದು. ಅದಕ್ಕೆಂದು ಹಣ ಬಂದೊಡನೆ ಮಾತ್ರ ಲೆಕ್ಕಪತ್ರ ಎಚ್ಚೆತ್ತುಕೊಳ್ಳುತ್ತದೆ.

ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ 2025–26ರಿಂದ ತೆರಿಗೆಯ ಹೊರೆಯಿಲ್ಲವೆಂಬುದು ನಿಜ. ಆದರೆ ಪಿಂಚಣಿಯ ಜೊತೆ ಮನೆ ಬಾಡಿಗೆಯೂ ಬಡ್ಡಿಯೂ ಸೇರಿದರೆ ಆ ಗಡಿ ದೂರವಿರುವುದಿಲ್ಲ.

ದಾರಿಯೊಂದಿದೆ. ಮೊಮ್ಮಗ ಅಜ್ಜಿಯ ಖಾತೆಗೇ ಹಣ ಹಾಕಿದರೆ ತೆರಿಗೆಯಿಲ್ಲ. ಅಲ್ಲಿಂದ ಮಗಳಿಗೆ ಬಂದರೂ ಇಲ್ಲ. ಅದೇ ಹಣ, ಅದೇ ಮನೆ. ಆದರೆ ತನ್ನ ಹೆಸರನ್ನೇ ಮರೆತ ಅಜ್ಜಿ ಚೆಕ್ಕಿಗೆ ಸಹಿ ಹಾಕುವುದು ಹೇಗೆ? ಅಜ್ಜಿಯ ಖರ್ಚಿಗೆಂದು ಬಂದದ್ದು ತನ್ನ ಆದಾಯವಲ್ಲವೆಂದು ಮಗಳು ವಾದಿಸಬಹುದು. ಅದಕ್ಕೆ ರಸೀದಿಗಳು ಬೇಕು.

ಪಟ್ಟಿಗೆ ‘ಒಡಹುಟ್ಟಿದವರ ಮಕ್ಕಳು’ ಎಂಬ ಎರಡು ಪದ ಸೇರಿಸಿದರೆ ಈ ತೊಡಕು ಮುಗಿಯುತ್ತದೆ. ಬೊಕ್ಕಸಕ್ಕೆ ಅದರಿಂದ ದೊಡ್ಡ ನಷ್ಟವಾಗಲಾರದು. ಸದ್ಯಕ್ಕೆ ಆ ಅಧ್ಯಾಪಕಿ ಔಷಧಿ, ಡಯಾಪರ್, ರಾತ್ರಿ ಪಾಳಿಯ ಆಯಾಳ ಸಂಬಳ ಎಲ್ಲವನ್ನೂ ಹಳೆಯ ಹಾಜರಿ ಪುಸ್ತಕವೊಂದರಲ್ಲಿ ದಿನಾಂಕ ಸಹಿತ ಬರೆದಿಡುತ್ತಿದ್ದಾರೆ.